ತೊಡೆ ಅದುರಿತೆಂದು ನಿಮ್ಹಾನ್ಸ್‌ಗೆ ಓಡಬೇಕೆ?

ಹಂಗಳದ ಬಳಿ ಊಟಿ ರಸ್ತೆ ಬಿಟ್ಟು, ತಪ್ಪಲಲ್ಲಿ ಗಾಡಿ ನಿಲ್ಲಿಸಿ, ಸಾರಿಗೆ ಬಸ್ಸು ಹತ್ತಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಅಲ್ಲಿನ ಚಳಿ ಗೊತ್ತು. 1454 ಮೀಟರ್ ಎತ್ತರ. ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಮಂಜು ಮೈಗೆ ಸೋಕಿ ಹಲ್ಲು ಕಟಕಟ ಅನ್ನುತ್ತದೆ, ಮೈಯೆಲ್ಲ ನಡುಗುತ್ತದೆ. ಆ ನಡುಕಕ್ಕೆ ಯಾರೂ ಹೆದರುವುದಿಲ್ಲ. ಅದೇ ಮನುಷ್ಯ ರಾತ್ರಿ ಮನೆಯಲ್ಲಿ ಮಲಗಿದ್ದಾಗ ಮೀನಖಂಡದೊಳಗೆ ಏನೋ ಪಟಪಟ ಅಂದರೆ ಎದ್ದು ಕೂರುತ್ತಾನೆ. ಫೋನ್ ತೆಗೆದು ಹುಡುಕುತ್ತಾನೆ. ಎರಡೇ ನಿಮಿಷದಲ್ಲಿ ಎ.ಎಲ್.ಎಸ್. ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯ ಮೂರಕ್ಷರವೂ ಗಾಲಿಕುರ್ಚಿಯ ಸ್ಟೀಫನ್ ಹಾಕಿಂಗ್ ಅವರ ಚಿತ್ರವೂ ಕಣ್ಣೆದುರು ಬರುತ್ತವೆ. ಅಲ್ಲಿಂದಾಚೆಗೆ ಆ ರಾತ್ರಿ ನಿದ್ದೆಯಿಲ್ಲ.

ಈ ಹೆದರಿಕೆಯನ್ನು ಹಗುರವಾಗಿ ಕಾಣುವುದು ತಪ್ಪು. ಊಟ ಸೇರದೆ, ಕೆಲಸಕ್ಕೆ ಮನಸ್ಸು ಬಾರದೆ, ಹೆಂಡತಿ ಮಕ್ಕಳ ಮುಖ ನೋಡಿದಾಗಲೆಲ್ಲ ‘ಇವರ ಗತಿಯೇನು’ ಎಂದು ತಿಂಗಳುಗಟ್ಟಲೆ ಒಳಗೊಳಗೇ ಬೇಯುವವರಿದ್ದಾರೆ. ಅವರಿಗೆ ‘ಏನೂ ಆಗಲ್ಲ, ಸುಮ್ನಿರು’ ಎಂಬ ಒಂದು ಮಾತು ಸಾಲದು. ಏಕೆ ಏನೂ ಆಗುವುದಿಲ್ಲ, ಯಾವಾಗ ಮಾತ್ರ ಏನಾದರೂ ಆಗಬಹುದು ಎಂಬ ವಿವರ ಬೇಕು.

ತಪ್ಪು ಕಲ್ಪನೆ: ಮಾಂಸಖಂಡ ಅದುರುವುದೇ ಮೋಟಾರ್ ನ್ಯೂರಾನ್ ಕಾಯಿಲೆಯ ಮೊದಲ ಗುರುತು

ವಾಸ್ತವ: ಆ ಕಾಯಿಲೆಯ ಗುರುತು ಬಲ ಕುಂದುವುದು. ಅದುರುವುದು ಅದರ ಜೊತೆಗೆ ಬರುವ ಸಂಗತಿ.

ಬೆನ್ನುಹುರಿಯೊಳಗಿನ ಒಂದೊಂದು ನರಕೋಶವೂ ಉದ್ದದ ಎಳೆಯೊಂದನ್ನು ಚಾಚಿ ಮಾಂಸಖಂಡದ ಹಲವು ನಾರುಗಳನ್ನು ಒಟ್ಟಿಗೆ ಆಳುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ನರಕೋಶದ ಕೈಕೆಳಗೆ ಹತ್ತಾರು ನಾರು ಇದ್ದರೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು ಇರುತ್ತವೆ. ಕೆಲವೊಮ್ಮೆ ಮಿದುಳಿನಿಂದ ಅಪ್ಪಣೆಯೇ ಇಲ್ಲದೆ ಈ ಎಳೆಯಲ್ಲಿ ತಾನಾಗಿಯೇ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಯಾರೂ ಒತ್ತದಿದ್ದರೂ ಬಾಗಿಲ ಬೆಲ್ ಒಮ್ಮೆ ಟಿಣ್ ಎಂದ ಹಾಗೆ. ಆ ಗುಂಪಿನ ನಾರುಗಳೆಲ್ಲ ಒಮ್ಮೆಲೇ ಬಿಗಿದು ಸಡಿಲವಾಗುತ್ತವೆ. ಚರ್ಮದಡಿ ಹುಳು ಹರಿದಂತೆ ಕಾಣುವುದು ಇದೇ. ನಿದ್ದೆಗೆಟ್ಟಾಗ, ದಿನಕ್ಕೆ ಆರೇಳು ಲೋಟ ಕಾಫಿ ಟೀ ಇಳಿಸಿದಾಗ, ಜ್ವರ ಬಂದು ಹೋದ ಮೇಲೆ, ಮೈಮುರಿದು ದುಡಿದ ರಾತ್ರಿ ಇದು ಹೆಚ್ಚುತ್ತದೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿ ಬಂದವರ ಕಾಲುಗಳನ್ನು ಅಂದು ರಾತ್ರಿ ನೋಡಿ, ಎಷ್ಟೋ ಜನರ ಮೀನಖಂಡ ತನ್ನಷ್ಟಕ್ಕೆ ಕುಣಿಯುತ್ತಿರುತ್ತದೆ.

ಇದು ಎಷ್ಟು ಸಾಮಾನ್ಯ ಎಂಬುದನ್ನು ಅಳೆದವರಿದ್ದಾರೆ. 1963ರಲ್ಲಿ ಅಮೆರಿಕದ ರೀಡ್ ಮತ್ತು ಕರ್ಲೆಂಡ್ ಆರೋಗ್ಯವಂತರಾಗಿದ್ದ ವೈದ್ಯಕೀಯ ಸಿಬ್ಬಂದಿಯನ್ನೇ ಕೇಳಿ ನೋಡಿದಾಗ ಸುಮಾರು ನೂರಕ್ಕೆ 70 ಮಂದಿ ತಮಗೂ ಹೀಗೆ ಅದುರಿದ್ದುಂಟು ಎಂದರು. ಅಲ್ಲಿನ ಮೇಯೋ ಕ್ಲಿನಿಕ್‌ನ ವೈದ್ಯರು ಬಲ ಕುಂದದೆ ಬರೀ ಅದುರು ಇದ್ದ 121 ಜನರನ್ನು 2ರಿಂದ 32 ವರ್ಷದವರೆಗೆ ಹಿಂಬಾಲಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬಂದಿರಲಿಲ್ಲ. ಯುರೋಪಿನ ಲೆಕ್ಕದಲ್ಲಿ ಎ.ಎಲ್.ಎಸ್. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಹೊಸದಾಗಿ ಬರುತ್ತದೆ. ಅದುರುವುದಾದರೋ ಬಹುತೇಕ ಎಲ್ಲರ ಮೈಯಲ್ಲೂ ಒಂದಲ್ಲ ಒಂದು ದಿನ ಆಗುವಂಥದ್ದು.

ಹಾಗಾದರೆ ಕಾಯಿಲೆ ಹೇಗೆ ಬರುತ್ತದೆ? ಅಂಗಿಯ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ. ಬೀಗದ ಕೈ ತಿರುಗಿಸಲಾಗುವುದಿಲ್ಲ. ಚಪ್ಪಲಿ ಗೊತ್ತಿಲ್ಲದೆ ಕಾಲಿನಿಂದ ಕಳಚಿ ಬೀಳುತ್ತದೆ, ನಡೆಯುವಾಗ ಪಾದ ನೆಲಕ್ಕೆ ಪಟ್ಟನೆ ಬಡಿಯುತ್ತದೆ. ಮಾತು ತೊದಲುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಕರಗಿ ಅಲ್ಲಿ ತಗ್ಗು ಬೀಳುತ್ತದೆ. ಇದೆಲ್ಲ ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಇಂಥ ರೋಗಿಗಳಲ್ಲಿ ಅನೇಕರಿಗೆ ತಮ್ಮ ತೋಳು ಅದುರುತ್ತಿರುವುದೇ ತಿಳಿದಿರುವುದಿಲ್ಲ. ಅಂಗಿ ಬಿಚ್ಚಿಸಿ ನೋಡಿದ ವೈದ್ಯರು ಅದನ್ನು ಕಾಣುತ್ತಾರೆ. ಅದುರೇ ಮೊದಲು ಬಂದು ಬಲಹೀನತೆ ಆಮೇಲೆ ಬಂದ ಕೆಲವೇ ಕೆಲವರು ಇಲ್ಲವೆಂದಲ್ಲ. ಅವರಲ್ಲೂ ಸಾಮಾನ್ಯವಾಗಿ ಕೆಲವು ತಿಂಗಳೊಳಗೆ ಬಲ ಕುಂದಿದ್ದು ಎದ್ದು ಕಾಣುತ್ತದೆ. ಎರಡು ಮೂರು ವರ್ಷದಿಂದ ಅದುರುತ್ತಿದೆ, ಆದರೆ ಎಲ್ಲ ಕೆಲಸವನ್ನೂ ಮಾಡುತ್ತಿದ್ದೇನೆ ಎನ್ನುವವರಿಗೆ ಆ ಎರಡು ಮೂರು ವರ್ಷವೇ ದೊಡ್ಡ ಪುರಾವೆ.

‘ಬಲ ಕಮ್ಮಿ ಆದಂಗೆ ಅನ್ನಿಸ್ತದೆ’ ಎಂಬುದಕ್ಕೂ ಬಲ ಕುಂದುವುದಕ್ಕೂ ಅಂತರವಿದೆ. ಕೈಕಾಲು ಸೋತಂತೆ, ಭಾರವಾದಂತೆ ಅನ್ನಿಸಿಯೂ ಬಿಂದಿಗೆ ಎತ್ತಬಲ್ಲವರಿಗೆ, ಹಿಮ್ಮಡಿ ಮೇಲೂ ತುದಿಗಾಲ ಮೇಲೂ ನಡೆಯಬಲ್ಲವರಿಗೆ ಆಗಿರುವುದು ದಣಿವು.

ತಪ್ಪು ಕಲ್ಪನೆ: ಮೊದಲು ಕಾಲಲ್ಲಿತ್ತು, ಈಗ ತೋಳು, ರೆಪ್ಪೆ, ಹೊಟ್ಟೆ, ಅಂದರೆ ರೋಗ ಹರಡುತ್ತಿದೆ

ವಾಸ್ತವ: ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಜಾಗ ಬದಲಿಸುತ್ತ, ಕೆಲಸ ಮಾಡುವಾಗ ಇಲ್ಲದೆ ವಿಶ್ರಾಂತಿಯಲ್ಲಿ ಕಾಣಿಸಿಕೊಳ್ಳುವುದು ನಿರಪಾಯಕಾರಿ ಅದುರಿನ ಸ್ವಭಾವ. ಎ.ಎಲ್.ಎಸ್. ಸಾಮಾನ್ಯವಾಗಿ ಒಂದು ಕಡೆ ಹಿಡಿದು ಅಲ್ಲಿನ ಬಲ ಕಸಿದು ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಮಾತು: ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿಕೊಂಡು ‘ನಡುಗುತ್ತಿದೆ’ ಎಂದು ಗಾಬರಿಯಾಗುವವರು ಬಹಳ. ಚಾಚಿದ ನಾಲಿಗೆ ಎಲ್ಲರದ್ದೂ ನಡುಗುತ್ತದೆ. ವೈದ್ಯರು ನೋಡುವುದು ಬಾಯೊಳಗೆ ಸುಮ್ಮನೆ ಮಲಗಿರುವ ನಾಲಿಗೆಯನ್ನು.

ತಪ್ಪು ಕಲ್ಪನೆ: ಕಣ್ಣು ಅದುರುವುದು ಶಕುನ, ಇಲ್ಲವೇ ಲಕ್ವದ ಮುನ್ಸೂಚನೆ

ವಾಸ್ತವ: ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭವೆಂಬ ನಂಬಿಕೆ ಮನೆಮನೆಯಲ್ಲಿದೆ, ಯಾವ ಅಂಗ ಅದುರಿದರೆ ಯಾವ ಫಲ ಎಂಬ ಪಟ್ಟಿ ಪಂಚಾಂಗಗಳಲ್ಲೂ ಸಿಗುತ್ತದೆ. ಹಿಂದಿನವರು ಇದನ್ನು ಒಳ್ಳೆಯ ಸುದ್ದಿಯ ಸೂಚನೆ ಎಂದಾದರೂ ಭಾವಿಸಿ ನೆಮ್ಮದಿಯಾಗಿದ್ದರು. ಈಗಿನ ಹುಡುಗರಿಗೆ ಅದು ಮಿದುಳಿನ ರೋಗದ ಸೂಚನೆಯಾಗಿ ಕಾಡುತ್ತಿದೆ. ರೆಪ್ಪೆಯ ಸುತ್ತಲಿನ ತೆಳು ಸ್ನಾಯು ದಣಿವಿಗೆ, ನಿದ್ದೆಗೇಡಿಗೆ, ಫೋನ್ ಪರದೆ ನೋಡಿ ನೋಡಿ ಸೋತಿದ್ದಕ್ಕೆ ಬೇಗ ಮಿಡಿಯುತ್ತದೆ. ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಇದ್ದು ಹೋಗುತ್ತದೆ.

ಒಂದೇ ಬದಿಯ ಕಣ್ಣು, ಕೆನ್ನೆ, ಬಾಯಿಯ ಮೂಲೆ ಒಟ್ಟಿಗೆ ಸೆಳೆದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ ಮಾತ್ರ ತೋರಿಸಬೇಕು. ಮುಖದ ನರದ ಮೇಲೆ ರಕ್ತನಾಳವೊಂದು ಒರಗಿಕೊಂಡಾಗ ಹೀಗಾಗಬಹುದು. ಅದಕ್ಕೆ ಬೊಟುಲಿನಮ್ ಚುಚ್ಚುಮದ್ದಿನಿಂದ ಒಳ್ಳೆಯ ಗುಣ ಸಿಗುತ್ತದೆ.

ತಪ್ಪು ಕಲ್ಪನೆ: ಇದು ನರ ದೌರ್ಬಲ್ಯ, ನಾಲ್ಕು ಸೂಜಿ ಹಾಕಿಸಿಕೊಂಡರೆ ಹೋಗುತ್ತದೆ

ವಾಸ್ತವ: ನಮ್ಮ ಸಂತೆಯೂರುಗಳಲ್ಲಿ ಸುಸ್ತಿಗೂ, ಜೋಮಿಗೂ, ಅದುರಿಗೂ ಸಿಗುವ ಹೆಸರು ಒಂದೇ: ನರ ದೌರ್ಬಲ್ಯ. ಅದಕ್ಕೆ ಸಿಗುವ ಮದ್ದೂ ಒಂದೇ, ಕೆಂಪು ಬಣ್ಣದ ಬಿ ಕಾಂಪ್ಲೆಕ್ಸ್ ಸೂಜಿ. ಬಿ12 ಕೊರತೆ ಇದ್ದವರಿಗೆ ಬಿ12 ಬೇಕೇ ಬೇಕು, ಅದನ್ನು ರಕ್ತಪರೀಕ್ಷೆ ಹೇಳುತ್ತದೆ. ಕೊರತೆಯಿಲ್ಲದವರು ವರ್ಷಗಟ್ಟಲೆ ತಾವೇ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ಹೋದರೆ ಅದರಲ್ಲಿರುವ ಬಿ6 ಮಿತಿಮೀರಿ ನರಗಳಿಗೇ ಪೆಟ್ಟು ಕೊಡಬಹುದು. ಅಂಗಾಲು ಜೋಮು ಹಿಡಿಯುವುದು ಅದರ ಲಕ್ಷಣ. ಒಳ್ಳೆಯದಾಗಲೆಂದು ತಿಂದದ್ದರಿಂದಲೇ ಹೀಗಾಗುವುದು ಸಂಕಟದ ವಿಷಯ.

ಅದುರು ಬಿಡದೆ ಇದ್ದರೆ ನಿಜವಾಗಿ ಹುಡುಕಬೇಕಾದವು ಬೇರೆ ಇವೆ: ಥೈರಾಯ್ಡ್ ಹೆಚ್ಚಾಗಿದೆಯೇ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಸರಿಯಿವೆಯೇ, ಉಬ್ಬಸಕ್ಕೆ ಸಾಲ್ಬುಟಮಾಲ್ ತೆಗೆದುಕೊಳ್ಳುತ್ತಿದ್ದಾರೆಯೇ, ಕುಡಿತ ಇದ್ದಕ್ಕಿದ್ದಂತೆ ನಿಲ್ಲಿಸಿದ್ದಾರೆಯೇ. ನಾಟಿ ಔಷಧಿ, ಭಸ್ಮ ಏನಾದರೂ ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು, ಪಾದರಸ ಸೇರಿದ ಮದ್ದು ನರಗಳನ್ನು ಕೆರಳಿಸುವುದುಂಟು.

ತಪ್ಪು ಕಲ್ಪನೆ: ಹಾಗಾದರೆ ಅದುರು ಯಾವತ್ತೂ ನಿರಪಾಯಕಾರಿ

ವಾಸ್ತವ: ಅಲ್ಲ. ನಮ್ಮ ಸೀಮೆಯಲ್ಲಿ ನಿಜಕ್ಕೂ ಹೆದರಬೇಕಾದ ಅದುರೊಂದಿದೆ. ಫೋನಿನಲ್ಲಿ ಎ.ಎಲ್.ಎಸ್. ಹುಡುಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಗುಂಡ್ಲುಪೇಟೆ ಸುತ್ತ ಚೆಂಡುಹೂವು, ಸೂರ್ಯಕಾಂತಿ ಅರಳಿದಾಗ ದೂರದ ಊರುಗಳಿಂದ ಜನ ಫೋಟೊ ತೆಗೆಯಲು ಬರುತ್ತಾರೆ. ಅದೇ ಹೊಲಗಳಲ್ಲಿ, ಅರಿಶಿನ, ಈರುಳ್ಳಿ, ಬಾಳೆ ತೋಟಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರನ್ನು ಅವರು ಗಮನಿಸುವುದು ಕಡಿಮೆ. ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್ ಎಂಬ ಒಂದು ಬಳಗವಿದೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಇವೆಲ್ಲ ಅದಕ್ಕೆ ಸೇರಿದವು. ನರ ಮಾಂಸಖಂಡಕ್ಕೆ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಅಳಿಸಿಹಾಕಬೇಕು. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಪ್ಪಣೆ ಅಳಿಯದೆ ಉಳಿದು ಮಾಂಸಖಂಡ ಬಿಡುವಿಲ್ಲದೆ ಮಿಡಿಯುತ್ತದೆ, ಕೊನೆಗೆ ಸೋತು ನಿಲ್ಲುತ್ತದೆ. ಉಸಿರಾಟದ ಸ್ನಾಯುಗಳಿಗೂ ಇದೇ ಗತಿ.

ಈ ವಿಷದ ಕ್ರೌರ್ಯ ನಮ್ಮ ಚಾಮರಾಜನಗರ ಜಿಲ್ಲೆಗೆ ಗೊತ್ತು. 2018ರ ಡಿಸೆಂಬರ್ 14ರಂದು ಹನೂರು ಬಳಿಯ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದ 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್. ಅದು ತಿಳಿದು ಬೆರೆಸಿದ ವಿಷ. ಹೊಲದಲ್ಲಿ ಆಗುವುದು ತಿಳಿಯದೆ, ಸ್ವಲ್ಪಸ್ವಲ್ಪವಾಗಿ, ಚರ್ಮದ ಮೂಲಕ ಮತ್ತು ಉಸಿರಿನ ಮೂಲಕ. ಗಾಳಿಗೆ ಎದುರಾಗಿ ಹೊಡೆದಾಗ, ಪಂಪು ಸೋರಿ ಬೆನ್ನು ಒದ್ದೆಯಾದಾಗ, ಕೈ ತೊಳೆಯದೆ ಬೀಡಿ ಹಚ್ಚಿದಾಗ.

ಗುರುತು ಹೀಗಿರುತ್ತದೆ. ಔಷಧಿ ಹೊಡೆದ ಕೆಲವೇ ಗಂಟೆಯಲ್ಲಿ ಬೆವರು ಕಿತ್ತು ಬರುತ್ತದೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ ಭೇದಿ, ಎದೆ ಬಿಗಿತ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ ನೋಟ ಮಂಜಾಗುತ್ತದೆ. ಇವುಗಳ ಜೊತೆ ರೆಪ್ಪೆ, ಎದೆ, ಮೀನಖಂಡ ಅದುರತೊಡಗಿದರೆ ಒಂದು ನಿಮಿಷವೂ ತಡಮಾಡಬಾರದು. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತಲೆ ತೊಳೆದು, 108ಕ್ಕೆ ಕರೆ ಮಾಡಿ. ತೊಳೆಯುವವರು ತಮ್ಮ ಕೈಗೂ ಅದು ತಾಗದಂತೆ ನೋಡಿಕೊಳ್ಳಬೇಕು. ಹುಣಸೆ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಔಷಧಿಯ ಡಬ್ಬವನ್ನು ಜೊತೆಗೆ ಒಯ್ಯಿರಿ, ಅದರ ಮೇಲಿನ ಹೆಸರು ವೈದ್ಯರಿಗೆ ಬೇಕು. ಅಟ್ರೊಪಿನ್ ಚುಚ್ಚುಮದ್ದು ಹೊತ್ತಿಗೆ ಸಿಕ್ಕರೆ ಜೀವ ಉಳಿಯಬಹುದು.

ಇನ್ನೊಂದು ವಿಷಯ ಮನೆಯವರಿಗೆ ತಿಳಿದಿರಲೇಬೇಕು. ಮೊದಲ ಹೊಡೆತ ಇಳಿದು ಎದ್ದು ಕೂತ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಮತ್ತೆ ಕುತ್ತಿಗೆ, ಭುಜ, ಉಸಿರಿನ ಸ್ನಾಯುಗಳು ಸೋಲಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ವಿವರಿಸಿದರು. ದಿಂಬಿನಿಂದ ತಲೆ ಎತ್ತಲು ಆಗದಿರುವುದು ಅದರ ಮೊದಲ ಸೂಚನೆ. ‘ಈಗ ಚೆನ್ನಾಗವ್ನೆ, ಮನೆಗೆ ಕರ್ಕೊಂಡೋಯ್ತೀವಿ’ ಎಂದು ಎರಡನೇ ದಿನವೇ ಬಿಡುಗಡೆಗೆ ಒತ್ತಾಯಿಸುವುದು ಇದಕ್ಕೇ ಅಪಾಯ.

ತಪ್ಪು ಕಲ್ಪನೆ: ಕೈ ಸಣ್ಣಗಾಗಿದೆ, ಚಳಿಯಲ್ಲಿ ಬೆರಳು ಸೆಟೆಯುತ್ತದೆ, ಇನ್ನು ಎ.ಎಲ್.ಎಸ್. ಎಂಬುದರಲ್ಲಿ ಸಂಶಯವಿಲ್ಲ

ವಾಸ್ತವ: ಮಾಂಸ ಕರಗಿದ್ದರೆ ವೈದ್ಯರಿಗೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋರಿಸುವ ಮೊದಲೇ ತೀರ್ಪು ಕೊಟ್ಟುಕೊಳ್ಳಬೇಡಿ. ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ, ಹೆಚ್ಚಾಗಿ ಗಂಡುಹುಡುಗರಲ್ಲಿ, ಒಂದೇ ಕೈಯ ಮುಂಗೈ ಮತ್ತು ಹಸ್ತ ನಿಧಾನವಾಗಿ ಸೊರಗುವ ತೊಂದರೆಯೊಂದಿದೆ. ಜಪಾನಿನ ಹಿರಯಾಮ 1959ರಲ್ಲಿ ಇದನ್ನು ವರದಿ ಮಾಡಿದರು. ನಮ್ಮ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಕೈ ಇರಲಿ ಕಾಲಿರಲಿ, ಒಂದೇ ಅಂಗಕ್ಕೆ ಸೀಮಿತವಾದ ಇಂಥ ರೋಗಿಗಳನ್ನು ಅಭ್ಯಾಸ ಮಾಡಿ 1984ರಲ್ಲಿ ‘ಮೊನೊಮೆಲಿಕ್ ಅಮಯೊಟ್ರೊಫಿ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಬೆಂಗಳೂರಿನ ಆಸ್ಪತ್ರೆಯಿಂದ ಜಗತ್ತಿನ ನರವಿಜ್ಞಾನಕ್ಕೆ ಸಂದ ಹೆಸರು ಅದು. ಹೆಚ್ಚಿನವರಲ್ಲಿ ಕೆಲವು ವರ್ಷ ಮುಂದುವರಿದು ಅದು ತಾನಾಗಿ ನಿಲ್ಲುತ್ತದೆ, ಜೀವಕ್ಕೆ ಅಪಾಯವಿಲ್ಲ.

ಈ ತೊಂದರೆಯ ಒಂದು ವಿಶೇಷವೆಂದರೆ ಚಳಿ. ಗೋಪಾಲಸ್ವಾಮಿ ಬೆಟ್ಟದಂಥ ಕಡೆ ಹೋದಾಗ, ಮುಂಜಾನೆ ತಣ್ಣೀರು ಮುಟ್ಟಿದಾಗ ಬೆರಳುಗಳು ಇನ್ನಷ್ಟು ಕೇಳದಾಗುತ್ತವೆ. ಬೆಚ್ಚಗಾದ ಮೇಲೆ ಸುಧಾರಿಸುತ್ತವೆ. ಕೈ ಚಾಚಿದರೆ ಬೆರಳು ಸಣ್ಣಗೆ ಕಂಪಿಸುತ್ತವೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿ ಮುಂದಕ್ಕೆ ಸರಿದು ಒತ್ತಡಕ್ಕೆ ಸಿಗುವುದು ಹಲವರಲ್ಲಿ ಇದಕ್ಕೆ ಕಾರಣ. ಆದ್ದರಿಂದ ಕುತ್ತಿಗೆ ಬಗ್ಗಿಸಿ ಎಂ.ಆರ್.ಐ. ಮಾಡುತ್ತಾರೆ, ಬೇಗ ಬಂದವರಿಗೆ ಕುತ್ತಿಗೆಪಟ್ಟಿ ಹಾಕಿಸಿ ಮುಂದುವರಿಯದಂತೆ ತಡೆಯಲು ನೋಡುತ್ತಾರೆ. ಹುಡುಗನ ಕೈ ಸೊರಗುವುದನ್ನು ಕಂಡೂ ಎ.ಎಲ್.ಎಸ್. ಎಂಬ ಹೆದರಿಕೆಗೆ ಆಸ್ಪತ್ರೆಗೇ ಹೋಗದೆ ವರ್ಷ ಕಳೆದರೆ ಆ ಅವಕಾಶ ತಪ್ಪುತ್ತದೆ.

ದಕ್ಷಿಣ ಭಾರತದಲ್ಲಿ ಕಾಣುವ ಇನ್ನೊಂದು ಬಗೆ 1970ರಲ್ಲಿ ಮದ್ರಾಸಿನಿಂದ ವರದಿಯಾಯಿತು. ಎಳೆಯ ವಯಸ್ಸಿನಲ್ಲಿ ಬಲಹೀನತೆಯ ಜೊತೆ ಕಿವಿಯೂ ಮಂದವಾಗುವ ಆ ಕಾಯಿಲೆ ಬಹಳ ನಿಧಾನಕ್ಕೆ ಸಾಗುತ್ತದೆ. ಎ.ಎಲ್.ಎಸ್. ಕೂಡ ಎಲ್ಲರಲ್ಲೂ ಒಂದೇ ವೇಗದ್ದಲ್ಲ. ನಿಮ್ಹಾನ್ಸ್‌ನ ಡಾ. ಎ. ನಳಿನಿ ಮತ್ತು ಸಂಗಡಿಗರು ಮೂವತ್ತು ವರ್ಷಗಳಲ್ಲಿ ನೋಡಿದ 1153 ಎ.ಎಲ್.ಎಸ್. ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಕಾಯಿಲೆ ಶುರುವಾದ ಸರಾಸರಿ ವಯಸ್ಸು ಸುಮಾರು 46, ಬದುಕಿದ ಅವಧಿಯ ಮಧ್ಯಾಂಕ ಒಂಬತ್ತು ವರ್ಷಕ್ಕೂ ಹೆಚ್ಚು. ಪಾಶ್ಚಾತ್ಯ ಪುಸ್ತಕಗಳ ‘ಎರಡು ಮೂರು ವರ್ಷ’ ಎಂಬ ಮಾತನ್ನೇ ಓದಿ ಎದೆಗುಂದಿದವರು ನಮ್ಮವರದೇ ಈ ಲೆಕ್ಕವನ್ನೂ ತಿಳಿಯಬೇಕು. ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಯಿತು. ಅವರು ತೀರಿಕೊಂಡದ್ದು 2018ರಲ್ಲಿ.

ತಪ್ಪು ಕಲ್ಪನೆ: ತಲೆಗೆ ಒಂದು ಎಂ.ಆರ್.ಐ. ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ

ವಾಸ್ತವ: ಎಂ.ಆರ್.ಐ.ನಲ್ಲಿ ಎ.ಎಲ್.ಎಸ್. ಕಾಣುವುದಿಲ್ಲ. ಕುತ್ತಿಗೆ ಎಲುಬಿನ ಸವೆತ, ನರಕ್ಕೆ ಒತ್ತಡ ಮುಂತಾದ ಬೇರೆ ಕಾರಣಗಳನ್ನು ಹುಡುಕಲು ಅದು ಬೇಕು. ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ವೈದ್ಯರ ಕೈ: ಒಂದೊಂದು ಸ್ನಾಯುವಿನ ಬಲ ನೋಡಿ, ಸುತ್ತಿಗೆಯಿಂದ ಮಂಡಿ ತಟ್ಟಿ ಮಾಡುವ ಪರೀಕ್ಷೆ. ಅದರಲ್ಲಿ ಸಂಶಯ ಬಂದರೆ ಸೂಜಿ ಚುಚ್ಚಿ ಮಾಡುವ ಇ.ಎಂ.ಜಿ. 2020ರಲ್ಲಿ ಪ್ರಕಟವಾದ ಗೋಲ್ಡ್ ಕೋಸ್ಟ್ ಮಾನದಂಡದ ಪ್ರಕಾರವೂ ಎ.ಎಲ್.ಎಸ್. ಎನ್ನಲು ಮೊದಲು ಬೇಕಾದದ್ದು ಮುಂದುವರಿಯುತ್ತಿರುವ ಬಲಹೀನತೆ. ಬಡ ಸಂಸಾರವೊಂದು ಸಾಲ ಮಾಡಿ ತಲೆಯ ಎಂ.ಆರ್.ಐ. ಮಾಡಿಸುವ ಮೊದಲು ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ವೈದ್ಯರಿಗೆ ಮೈ ತೋರಿಸಲಿ.

ತಪ್ಪು ಕಲ್ಪನೆ: ಎಲ್ಲ ಸರಿಯಿದೆ ಎಂದರು, ಅಂದರೆ ಅದುರೇ ನನ್ನ ಭ್ರಮೆ

ವಾಸ್ತವ: ಭ್ರಮೆಯಲ್ಲ. ಅದುರೂ ನಿಜ, ಹೆದರಿಕೆಯೂ ನಿಜ. ಎರಡೂ ಒಂದನ್ನೊಂದು ಬೆಳೆಸುತ್ತವೆ. ಗಾಬರಿಯಾದವರ ಉಸಿರು ಅವರಿಗೇ ತಿಳಿಯದೆ ವೇಗವಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತದ ರಾಸಾಯನಿಕ ಸಮತೋಲ ಬದಲಾಗುತ್ತದೆ. ಆಗ ನರಗಳು ಸಣ್ಣ ನೆಪಕ್ಕೂ ಮಿಡಿಯುತ್ತವೆ, ಬೆರಳು ತುಟಿ ಜುಂ ಅನ್ನುತ್ತವೆ. ಅದನ್ನೂ ರೋಗದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಬಲ ಇದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತಾರು ಸಲ ತುದಿಗಾಲಲ್ಲಿ ನಿಂತು, ಕೈ ಹಿಸುಕಿ ಪರೀಕ್ಷಿಸಿಕೊಂಡು ಆ ಸ್ನಾಯುಗಳನ್ನೇ ದಣಿಸುತ್ತಾರೆ. ದಣಿದ ಸ್ನಾಯು ಮತ್ತೆ ಅದುರುತ್ತದೆ. ಓದಿಲ್ಲದವರ ಹೆದರಿಕೆ ಇದೆಂದು ತಿಳಿಯಬೇಡಿ. ಡಾಕ್ಟರುಗಳಲ್ಲೇ ಈ ಅಂಜಿಕೆ ಎಷ್ಟೆಂದರೆ 2013ರಲ್ಲಿ ಆಸ್ಟ್ರೇಲಿಯಾದ ನರರೋಗ ತಜ್ಞರು ಅದನ್ನೇ ವಿಷಯವಾಗಿಸಿ ಬರೆದಿದ್ದಾರೆ.

ಆದ್ದರಿಂದ ಪರೀಕ್ಷೆ ಸರಿಯಿದ್ದೂ ಭಯ ಬಿಡದಿದ್ದರೆ ಮನೋವೈದ್ಯರ ಬಳಿ ಹೋಗುವುದು ನಾಚಿಕೆಯ ಮಾತಲ್ಲ. ಆರೋಗ್ಯದ ಬಗೆಗಿನ ಇಂಥ ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಔಷಧಿಯೂ ಇವೆ, ಗುಣವೂ ಸಿಗುತ್ತದೆ. ನಡುರಾತ್ರಿ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದುರು ಮಾತ್ರ ಕೆಲವರಲ್ಲಿ ವರ್ಷಗಟ್ಟಲೆ ಆಗಾಗ ಬಂದು ಹೋಗುತ್ತಿರುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯದೆ ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ, ಮುಂದಿನ ಸಲ ಯಾವಾಗ ಬರಬೇಕೆಂದು ಅವರನ್ನೇ ಕೇಳಿ. ಅದಕ್ಕೂ ಮುಂಚೆ ಕೈ ಹಿಡಿತ ತಪ್ಪಿದರೆ, ಪಾದ ಎಳೆದರೆ, ಮಾತು ತೊದಲಿದರೆ, ಮಾಂಸ ಕರಗಿದ್ದು ಕಂಡರೆ ಆ ದಿನಾಂಕಕ್ಕೆ ಕಾಯದೆ ಅಂದೇ ಹೊರಡಿ.